ಚೀಲದಲ್ಲಿ ಬಚ್ಚಿಟ್ಟ ಕ್ಯಾಲಿಪರ್

ನನ್ನ ಮಗಳು ಕುಂಟೆಬಿಲ್ಲೆಯಲ್ಲಿ ಸೋತದ್ದನ್ನು ನಾನು ಕಂಡೇ ಇಲ್ಲ. ಗುಬ್ಬಿಯ ನಮ್ಮ ಬೀದಿಯ ಮಕ್ಕಳೆಲ್ಲ ಎರಡು ಕಾಲಲ್ಲಿ ಓಡಾಡುವವರು. ಆಟಕ್ಕಾಗಿ ಒಂದು ಕಾಲು ಮಡಚಿ ಕುಪ್ಪಳಿಸಬೇಕೆಂದರೆ ಮೂರನೇ ಮನೆಗೆ ಬರುವಷ್ಟರಲ್ಲಿ ಓಲಾಡಿ ಗೆರೆ ತುಳಿಯುತ್ತಿದ್ದರು. ನನ್ನ ಮಗಳಿಗೆ ಅದು ದಿನದ ರೂಢಿ. ಕೂಸಾಗಿದ್ದಾಗಲೇ ಪೋಲಿಯೋ ಬಂದು ಎಡಗಾಲು ಸೋತಿತ್ತು, ಬಲಗಾಲು ಎರಡರ ಕೆಲಸ ಕಲಿತುಕೊಂಡಿತ್ತು. ಸೋತ ಕಾಲು ತಾನಾಗಿ ಮಡಚಿಕೊಂಡು ನಿಲ್ಲುವುದಿಲ್ಲವಲ್ಲ, ಅದಕ್ಕೆ ಪಾದವನ್ನು ಹಿಂದಿನಿಂದ ಕೈಯಲ್ಲಿ ಹಿಡಿದುಕೊಳ್ಳಬಹುದು ಅಂತ ಮಕ್ಕಳೇ ಅವಳಿಗೊಂದು ರಿಯಾಯಿತಿ ಕೊಟ್ಟಿದ್ದರು. ಅದಕ್ಕೆ ಅರ್ಜಿಯನ್ನೂ ಕೇಳಲಿಲ್ಲ, ಸರ್ಟಿಫಿಕೇಟನ್ನೂ ಕೇಳಲಿಲ್ಲ.

ಆಟ ಮುಗಿದ ಮೇಲೆ ಕ್ಯಾಲಿಪರ್ ಕಟ್ಟಿಕೊಂಡು ಮನೆಗೆ ನಡೆದು ಬರುತ್ತಿದ್ದಳು. ಕಾಲಿನ ಎರಡೂ ಪಕ್ಕ ಕಬ್ಬಿಣದ ಸಲಾಕೆ, ಚರ್ಮದ ಪಟ್ಟಿ, ಕೆಳಗೊಂದು ಬೂಟು. ನಮ್ಮ ಮನೆಯವರದು ಹತ್ತಿ ಬಡಿದು ಹಾಸಿಗೆ ಹೊಲಿಯುವ ಕೆಲಸ. ಪಟ್ಟಿ ತೊಡೆಗೆ ಉಜ್ಜಬಾರದೆಂದು ಅದರ ಒಳಗೆ ಅವರು ಒಳ್ಳೆಯ ಹತ್ತಿ ತುಂಬಿ ಹೊಲಿದಿದ್ದರು. ಗಿರಾಕಿಗಳ ದಿಂಬಿಗೂ ಅಂಥ ಹತ್ತಿ ಹಾಕುತ್ತಿರಲಿಲ್ಲ ಅಂತ ನಾನು ರೇಗಿಸುತ್ತಿದ್ದೆ. ಆದರೆ ಹುಡುಗಿ ಬೆಳೆಯುತ್ತಾಳೆ, ಕಬ್ಬಿಣ ಬೆಳೆಯುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ತುಮಕೂರಿಗೆ ಹೋಗಿ ಹೊಸ ಅಳತೆ ಕೊಡಬೇಕು. ಆ ಖರ್ಚು ನಡೆಯುತ್ತಿದ್ದುದು ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಮಾಸಾಶನದಿಂದ. ಪೋಸ್ಟಿನವರು ಮನಿಯಾರ್ಡರ್ ತಂದ ದಿನ ಅತ್ತೆ ಅವರಿಗೆ ಚಹಾ ಕೊಡದೆ ಕಳಿಸುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ದಿನ ಅದೇ ಪೋಸ್ಟಿನವರು ಚಹಾ ಕುಡಿಯುತ್ತಾ ಅತ್ತೆಯ ಕಡೆ ತಿರುಗಿ, "ಬೂಬಮ್ಮ, ರೂಲ್ಸು ಬದಲಾಗ್ತಾ ಐತಂತೆ. ಎಲ್ಲಾ ಮಕ್ಕಳನ್ನೂ ತುಮಕೂರಲ್ಲಿ ಡಾಕ್ಟ್ರು ಇನ್ನೊಂದ್ಸಲ ನೋಡ್ತಾರಂತೆ. ಸುಧಾರಿಸಿರೋರ್ಗೆ ದುಡ್ಡು ನಿಲ್ಲಿಸ್ತಾರಂತೆ" ಎಂದರು.

"ಸುಧಾರಿಸಿರೋರು ಅಂದ್ರೆ?" ಎಂದು ನಾನು ಕೇಳಿದೆ.

"ನಡೆಯೋರು."

ನನಗೆ ಮೈಯೆಲ್ಲ ಉರಿಯಿತು. ಮಗಳು ನಡೆಯುತ್ತಿದ್ದುದೇ ಆ ದುಡ್ಡಿನಿಂದ. ದುಡ್ಡು ನಿಂತರೆ ಹೊಸ ಕ್ಯಾಲಿಪರ್ ಇಲ್ಲ, ಕ್ಯಾಲಿಪರ್ ಇಲ್ಲದಿದ್ದರೆ ಸ್ಕೂಲಿಲ್ಲ, ಮತ್ತೆ ಜಗಲಿಯ ಮೇಲೆ ಕೂತು ಬೀದಿ ನೋಡುವುದು. ಪೋಸ್ಟಿನವರು ಲೋಟ ಕೆಳಗಿಟ್ಟು, "ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಹಂಗೆ" ಎಂದು ಸೈಕಲ್ ಹತ್ತಿದರು.

ಅತ್ತೆ ಉಪಾಯ ಹುಡುಕಲು ಹೆಚ್ಚು ಹೊತ್ತು ತಗೊಳ್ಳಲಿಲ್ಲ. "ಅವತ್ತೊಂದಿನ ಆ ಕಬ್ಬಿಣ ಬಿಚ್ಚಿ, ಸೊಂಟದ ಮೇಲೆ ಎತ್ಕೊಂಡ್ ಹೋಗು. ಅಳೋ ಕೂಸಿಗೇ ಹಾಲು ಕಣಮ್ಮ."

"ನಾನೇನು ಕೂಸಾ?" ಅಂದಳು ಮಗಳು. ಆಗ ಅವಳಿಗೆ ಎಂಟು ವರ್ಷ.

"ಅವತ್ತೊಂದಿನ ಕೂಸು" ಅಂದರು ಅತ್ತೆ.

ನಮ್ಮ ಮನೆಯವರಿಗೆ ಇದು ಸರಿಬರಲಿಲ್ಲ, ಆದರೂ ಅಮ್ಮನ ಎದುರು ಮಾತಾಡಲಿಲ್ಲ. ನನಗೂ ಬೇರೆ ದಾರಿ ತೋಚಲಿಲ್ಲ. ತಪಾಸಣೆಗೆ ಕರೆ ಬಂದ ದಿನ ನಾನೂ ಮಗಳೂ ಬೆಳಗಿನ ಬಸ್ಸಿಗೆ ಹೊರಟೆವು. ಕ್ಯಾಲಿಪರ್ ಬಿಟ್ಟುಹೋಗಲು ಮನಸ್ಸಾಗದೆ ಹಳೇ ಟವೆಲಿನಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿ ರೊಟ್ಟಿಯ ಕೆಳಗೆ ಇಟ್ಟುಕೊಂಡೆ. ತುಮಕೂರಿನ ಬಸ್ ಸ್ಟ್ಯಾಂಡಿನಿಂದ ಡಾಕ್ಟರು ನೋಡುವ ಕಚೇರಿಯವರೆಗೆ ಮಗಳನ್ನು ಹೊತ್ತು ನಡೆಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಅವಳು ಕಿವಿಯಲ್ಲಿ, "ಅಮ್ಮಿ, ಇಳಿಸು, ಜನ ನೋಡ್ತಾರೆ" ಎನ್ನುತ್ತಲೇ ಇದ್ದಳು.

ಕಚೇರಿಯ ವರಾಂಡದಲ್ಲಿ ನಮ್ಮಂಥವರೇ ತುಂಬಿದ್ದರು. ಎಲ್ಲ ಮಕ್ಕಳೂ ತಾಯಂದಿರ ಮಡಿಲಲ್ಲಿ. ದೊಡ್ಡ ದೊಡ್ಡ ಮಕ್ಕಳು, ಕಾಲು ನೆಲಕ್ಕೆ ತಾಗುವಂಥವರು, ಮುದುರಿಕೊಂಡು ಕೂತಿದ್ದರು. ನನ್ನ ಪಕ್ಕ ಕುಣಿಗಲ್ ಕಡೆಯ ಒಬ್ಬ ಹೆಂಗಸು, ಹುತ್ರಿದುರ್ಗದ ಹತ್ತಿರ ರಾಗಿ ಹೊಲ ಇರುವವರು. ನನ್ನ ತವರೂ ಕುಣಿಗಲ್ಲೇ ಆದದ್ದರಿಂದ ಮಾತು ಬೇಗ ಕೂಡಿತು. ಅವರ ಹುಡುಗಿಗೂ ಪೋಲಿಯೋ.

"ನಿಮ್ದು ನಡೀತದಾ?" ಎಂದು ಕೇಳಿದೆ.

"ಎಲ್ಲಿ ನಡೀತದವ್ವ?" ಎಂದು ಆಕೆ ಬೇರೆ ಕಡೆ ನೋಡಿದರು. "ನಿಮ್ದು?"

"ಎಲ್ಲಿ?" ಎಂದು ನಾನೂ ಬೇರೆ ಕಡೆ ನೋಡಿದೆ.

ಡಾಕ್ಟರು ಬರುವುದು ತಡವಾಯಿತು. ಮಕ್ಕಳನ್ನು ಎಷ್ಟು ಹೊತ್ತು ಕಟ್ಟಿಹಾಕಲಾದೀತು? ನಾನು ಕುಣಿಗಲ್ಲಿನ ಸುದ್ದಿಯಲ್ಲಿ ಮುಳುಗಿದ್ದಾಗ ಮಗಳು ಮಡಿಲಿಂದ ಜಾರಿದ್ದಾಳೆ. ಎಲ್ಲಿಂದಲೋ ಒಂದು ಹೆಂಚಿನ ಚೂರು ಸಿಕ್ಕಿದೆ, ವರಾಂಡದ ಕಲ್ಲುಚಪ್ಪಡಿಯ ಮೇಲೆ ಮನೆಗಳನ್ನು ಬರೆದಿದ್ದಾಳೆ. ನಾನು ತಿರುಗುವಷ್ಟರಲ್ಲಿ ಕುಣಿಗಲ್ಲಿನ ಹುಡುಗಿ, ಕೈ ಸ್ವಾಧೀನವಿಲ್ಲದ ಮರಳೂರಿನ ಹುಡುಗ, ಇನ್ನೂ ಒಂದಿಬ್ಬರು ಸುತ್ತ ನಿಂತು ಗದ್ದಲವೆಬ್ಬಿಸಿದ್ದರು. ನನ್ನವಳು ಸೋತ ಕಾಲನ್ನು ಕೈಯಲ್ಲಿ ಹಿಡಿದು ಕುಪ್ಪಳಿಸುತ್ತಾ ಕೊನೆಯ ಮನೆ ಮುಟ್ಟಿ, ಅಲ್ಲೇ ಗಿರ್ರನೆ ತಿರುಗಿದಳು. ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು.

ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡರು. ನನ್ನ ಮಗಳೊಬ್ಬಳೇ ಒಂಟಿ ಕಾಲಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಯಾರ ಮಗು ಇದು?"

ಎದ್ದು ನಿಂತೆ. ಮಾಸಾಶನ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಮುಗಿಯಿತು ಅಂದುಕೊಂಡ ಮೇಲೆ ಭಯ ಎಲ್ಲಿ ಹೋಯಿತೋ, ನನ್ನ ಸಿಟ್ಟು ಹೊರಗೆ ಬಂತು. ಚೀಲದಿಂದ ರೊಟ್ಟಿಯ ಗಂಟನ್ನು ಪಕ್ಕಕ್ಕಿಟ್ಟು, ಟವೆಲು ಬಿಚ್ಚಿ, ಕ್ಯಾಲಿಪರನ್ನು ಅವರ ಮುಂದೆ ಹಿಡಿದೆ.

"ನನ್ನ ಮಗಳು ಮೇಡಂ. ನಡೀತಾಳೆ. ಇದು ಹಾಕ್ಕೊಂಡ್ರೆ ನಡೀತಾಳೆ. ಇದು ಹೋದ ವರ್ಷದ್ದು, ಆಗಲೇ ಗಿಡ್ಡ ಆಗೋಗದೆ. ಮುಂದಿನ ವರ್ಷಕ್ಕೂ ಗಿಡ್ಡ ಆಗ್ತದೆ, ಅದರ ಮುಂದಿನ ವರ್ಷಕ್ಕೂ ಆಗ್ತದೆ. ನಡೀತಾಳೆ ಅಂತ ದುಡ್ಡು ನಿಲ್ಲಿಸಿದ್ರೆ ನಡೆಯೋದೇ ನಿಲ್ತದಲ್ಲ? ಬಳ್ಳಿ ಹಬ್ಬಿದೆ ಅಂತ ಯಾರಾದ್ರೂ ಚಪ್ಪರ ಕೀಳ್ತಾರಾ ಮೇಡಂ?"

ಹಿಂದೆ ಏನೋ ಸದ್ದಾಯಿತು, ತಿರುಗಿ ನೋಡಿದೆ. ಕುಣಿಗಲ್ಲಿನ ಹೆಂಗಸು ತಮ್ಮ ಚೀಲದ ಗಂಟು ಬಿಚ್ಚುತ್ತಿದ್ದರು. ಒಳಗೆ ಕಂಬಳಿಯಲ್ಲಿ ಸುತ್ತಿದ ಕ್ಯಾಲಿಪರ್! ಆಚೆಯವರ ಬೆಡ್‌ಶೀಟಿನಿಂದ ಒಂದು ಜೊತೆ ಊರುಗೋಲು ಬಂತು. ಇನ್ನೊಬ್ಬರ ತೆಂಗಿನಕಾಯಿ ಚೀಲದಿಂದ ಒಂದು ಕಬ್ಬಿಣದ ಬೂಟು. ಅಷ್ಟು ಹೊತ್ತಿನಿಂದ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ಒಂದೇ ವಸ್ತುವನ್ನು ಬಚ್ಚಿಟ್ಟುಕೊಂಡು ಕೂತಿದ್ದೆವು. ಕುಣಿಗಲ್ಲಿನವರು ನನ್ನ ಮುಖ ನೋಡಿ ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಡಾಕ್ಟರಮ್ಮನೂ ನಕ್ಕರು. "ರೂಲ್ಸು ಮಾಡಿದ್ದು ನಾನಲ್ಲಮ್ಮ. ನೋಡಿದ್ದನ್ನ ಬರೆಯೋದು ನನ್ನ ಕೆಲಸ. ಎಲ್ಲರಿಗೂ ಹಾಕ್ಸಿ, ನಡೆಸಿ. ನೋಡ್ತೀನಿ" ಎಂದರು. ಮಕ್ಕಳನ್ನೆಲ್ಲ ನಡೆಸಿದರು. ನನ್ನ ಮಗಳ ಕ್ಯಾಲಿಪರ್ ಎರಡು ಬೆರಳು ಗಿಡ್ಡ ಆಗಿತ್ತು. ಬೆಳೆಯುವ ಮಕ್ಕಳು, ಬೆಳೆಯುವಷ್ಟು ಕಾಲವೂ ನೆರವು ಬೇಕು ಅಂತ ಬರೆಯುತ್ತಿದ್ದೇನೆ, ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ ಎಂದು ಹೇಳಿ ಕಳಿಸಿದರು.

ವಾಪಸ್ಸು ಬಸ್ ಸ್ಟ್ಯಾಂಡಿಗೆ ಮಗಳು ನಡೆದೇ ಬಂದಳು. ದಾರಿಯಲ್ಲಿ ಅವಳು ಅಲ್ಲಿಯ ಹೆಂಚಿನ ಚೂರು ಸರಿಯಿರಲಿಲ್ಲವೆಂದು ದೂರುತ್ತಿದ್ದಳು.

ಎರಡು ತಿಂಗಳು ಮನಿಯಾರ್ಡರ್ ಬರಲಿಲ್ಲ. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಪೋಸ್ಟಿನವರು ಬೀದಿಯ ತುದಿಯಿಂದಲೇ ಬೆಲ್ಲು ಹೊಡೆಯುತ್ತಾ ಬಂದರು. "ನಿಮ್ದು ನಿಂತಿಲ್ಲ ಬೂಬಮ್ಮ, ಬಾಕೀದೂ ಸೇರಿ ಬಂದೈತೆ!" ಅವತ್ತು ಅವರಿಗೆ ಚಹಾದ ಜೊತೆ ಬಿಸ್ಕತ್ತೂ ಸಿಕ್ಕಿತು.

ಮರುವರ್ಷ ಮತ್ತೆ ಕರೆ ಬಂತು. ಹೊರಡುವ ಹಿಂದಿನ ಸಂಜೆ ಅತ್ತೆ ಜಗಲಿಯಲ್ಲಿ ಹೊಸ ಕ್ಯಾಲಿಪರನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಮಿಷನ್ನಿನ ಎಣ್ಣೆ ಬುಡ್ಡಿಯಿಂದ ಮಂಡಿಯ ಕೀಲಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದರು. ಮಗಳು ತನ್ನ ಬಿಲ್ಲೆಯನ್ನು ಲಂಗದ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಳು.

"ಎಲ್ಲಾರ್ಗಿಂತ ಮುಂದೆ ನಡ್ಕೊಂಡ್ ಹೋಗು," ಅಂದರು ಅತ್ತೆ. "ನೋಡ್ಲಿ."