ಬೆರಳನ್ನು ನಂಬಿದ ವಾರ

ಲಸಿಕೆ ಹಾಕಿಸಿಕೊಂಡು ಐದಾರು ದಿನವಾಗಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕುಳಿತವಳಿಗೆ ಬಾಗಿಲಿನ ಬಿಸಿಲು ಅರಳಿ ಅರಳಿ ಹರಡಿದಂತೆ ಕಂಡಿತು. ಎಡಗಣ್ಣು ಕೆಂಪಾಗಿ ಒಳಗೊಳಗೇ ನೋಯುತ್ತಿತ್ತು. ನಿಜ ಹೇಳಬೇಕೆಂದರೆ, ಆ ಮಬ್ಬು ನನಗೆ ಚೆಂದವೇ ಅನ್ನಿಸಿತು.

"ಕಣ್ಣ ಬಂದಾವ," ಎಂದಳು ಅವ್ವ. ನೆತ್ತಿಗೆ ಹರಳೆಣ್ಣೆ ತಟ್ಟಿ, ಒರೆಸಿಕೊಳ್ಳಲು ಅರಿಶಿನದಲ್ಲಿ ಅದ್ದಿದ ಬಟ್ಟೆ ಕೊಟ್ಟಳು. ಮಬ್ಬಿನ ಮಾತು ನಾನೂ ಎತ್ತಲಿಲ್ಲ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ನನ್ನ ಕೆಲಸ. ಚಿಕ್ಕಂದಿನಿಂದ ಪಳಗಿದ ಬೆರಳಿಗೆ ಕಣ್ಣಿನ ಹಂಗಿಲ್ಲ. ಅರೆಗಣ್ಣು ಮುಚ್ಚಿಕೊಂಡೇ ಕೂಡಿಸಿದೆ, ಒಂದೆಳೆಯೂ ತಪ್ಪಲಿಲ್ಲ. ಕೈ ನಡೆಯುತ್ತಿದೆ, ಅಂದ ಮೇಲೆ ಕಣ್ಣೂ ನೆಟ್ಟಗಿದೆ ಎಂದುಕೊಂಡ ಮಹಾ ಜಾಣೆ ನಾನು. ಹೀಗೇ ವಾರ ಕಳೆಯಿತು.

ಒಂದು ದಿನ ಬಲಗಣ್ಣಿಗೆ ಧೂಳು ಬಿತ್ತೆಂದು ಅದನ್ನು ಮುಚ್ಚಿ ಉಜ್ಜಿದೆ. ಎದುರಿಗೆ ಕುಳಿತ ಅವ್ವನಿಗೆ ಮುಖವೇ ಇರಲಿಲ್ಲ.

ಮರುದಿನವೇ ಬಾಗಲಕೋಟೆಗೆ ಹೋದೆವು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿದರು. "ಇದು ಕಣ್ಣ ಬಂದಿದ್ದಲ್ಲ, ಒಳಗ ಉರಿಯೂತ ಆಗೇತಿ. ಲಸಿಕಿ ಆದಮ್ಯಾಲೆ ಭಾಳ ಅಪರೂಪಕ್ಕ ಯಾರಿಗರ ಹಿಂಗ ಆಗ್ತೈತಿ. ನಿಮಗ ಅದರಿಂದನ ಆಗೇತಿ ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಹನಿ ಹಾಕಿದ್ರ ಇಳೀತೈತಿ. ಆದ್ರ ತಡಾ ಮಾಡೀರಿ, ನೋಟ ಎಷ್ಟು ತಿರುಗಿ ಬರ್ತೈತಿ ನೋಡೂಣು."

ಮನೆ ಹೊಕ್ಕ ಮೇಲೆ ಅವ್ವ ಅಂದಳು, "ಸೂಜಿಗೂ ನಾನ ಎಳ್ಕೊಂಡು ಹೋದೆ, ಎಣ್ಣಿನೂ ನಾನ ಹಚ್ಚಿದೆ."

"ಸೂಜಿದೇನು ತಪ್ಪಿಲ್ಲ ಬೇ. ನಾ ಬಾಯಿ ಬಿಡಲಿಲ್ಲಲ್ಲ, ಅದು ತಪ್ಪು."

ಬೆಳಕು ಚುಚ್ಚುತ್ತದೆಂದು ಅವ್ವ ಕಿಟಕಿಗೆ ಹಳೆಯ ಸೀರೆ ಇಳಿಬಿಟ್ಟಳು. ಆ ಅರೆಗತ್ತಲಲ್ಲಿ ಓಣಿಯ ಮಗ್ಗಗಳ ಸದ್ದು ಕೇಳುತ್ತ, ನಿದ್ದೆಯೋ ಎಚ್ಚರವೋ ತಿಳಿಯದೆ ತೇಲುತ್ತಿದ್ದೆ. ತಾಸಿಗೊಮ್ಮೆ ತಣ್ಣನೆಯ ಹನಿ ಬಿದ್ದಾಗಷ್ಟೇ ನೆಲಕ್ಕಿಳಿಯುತ್ತಿದ್ದೆ. ದಿನಾ ಮುಂಜಾನೆ ಅವ್ವ ಎದುರಿಗೆ ಕುಳಿತು, ನನ್ನ ಬಲಗಣ್ಣಿಗೆ ಅಂಗೈ ಮುಚ್ಚಿ ಕೇಳುತ್ತಿದ್ದಳು, "ಕಾಣತೈತೇನು?" ಏನೂ ಕಾಣದಿದ್ದರೂ "ಹೂಂ, ನಿನ್ನೆಕಿಂತ ಚಲೋ," ಎನ್ನುತ್ತಿದ್ದೆ. ಅವಳ ಸಂಕಟ ನನಗೆ ಸಹಿಸಲಾಗುತ್ತಿರಲಿಲ್ಲ.

ಮೂರನೆಯ ವಾರ ಒಂದು ಮುಂಜಾನೆ ಮಬ್ಬು ತೆಳುವಾಯಿತು. "ಕಾಣತೈತಿ," ಅಂದೆ.

"ದಿನಾ ಇದನ್ನ ಹೇಳ್ತಿ. ಖರೇ ಹೇಳು, ಏನು ಕಾಣತೈತಿ?"

"ನಿನ್ನ ಗಲ್ಲ ಹಸಿ ಆಗೇತಿ."

ಅವಳ ಅಂಗೈ ನನ್ನ ಬಲಗಣ್ಣಿನಿಂದ ಜಾರಿತು. ನನಗೆ ಕಾಣುವುದಿಲ್ಲವೆಂದು ಗೊತ್ತಿದ್ದೇ, ಅಂಗೈ ಮುಚ್ಚಿದಷ್ಟು ಹೊತ್ತು ಅವಳು ದಿನವೂ ಕಣ್ಣೀರು ಒರೆಸಿಕೊಳ್ಳದೆ ನನ್ನೆದುರು ಕುಳಿತಿದ್ದಳು.