ಅತ್ತೆಯ ಎಡಗೈ

ಸ್ಟ್ರೋಕ್ ಆದ ಮೇಲೆ ನಮ್ಮತ್ತೆಯ ಎಡಗೈಗೆ ಶಕ್ತಿ ಇರಲಿಲ್ಲ. ಮಾತಿಗೇನೂ ಕೊರತೆಯಾಗಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಗುಟುಕು ಕಾಫಿಯನ್ನೂ ಕುಡಿಯದವರು ಅವರು. ಆಸ್ಪತ್ರೆಯಿಂದ ಬೆಂಗಳೂರಿನ ಯಡಿಯೂರಿನ ಮನೆಗೆ ಬಂದ ಮರುದಿನವೇ ಕೈ ನಡುಗಿ, ಲಿಂಗ ಮಡಿಲಿಗೆ ಜಾರಿತು.

"ಬಲಗೈಲಿ ಹಿಡ್ಕೊಳ್ಳಿ ಅತ್ತೆ" ಅಂದುಬಿಟ್ಟೆ. ಅವರು ನೋಡಿದ ನೋಟಕ್ಕೆ ಗಂಜಿ, ಮಾತ್ರೆ ಎರಡನ್ನೂ ವಾಪಸ್ ಒಯ್ದೆ.

ಸ್ವಲ್ಪ ಹೊತ್ತಿಗೆ ಹೋಂ ನರ್ಸ್ ಬಂದಳು. ವಿಜಯಪುರದ ಕಡೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ರೂಮು. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಉಗುರು ತೋರಿಸಿ ಬೆಳೆದವಳು ನಾನು. ಮೊದಲು ಕಂಡಿದ್ದೇ ಅವಳ ಮೋಟು ಉಗುರು. ನಡೆದದ್ದು ಕೇಳಿಕೊಂಡು, ಕೈ ತೊಳೆದು, ಒರೆಸಿ, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಟವೆಲ್ ಸುತ್ತಿ ಅತ್ತೆಯ ಮೊಣಕೈ ಕೆಳಗಿಟ್ಟು, ಅವರ ಅಂಗೈ ಕೆಳಗೆ ತನ್ನ ಅಂಗೈ ಹಿಡಿದಳು.

"ಅವಸರ ಮಾಡಬ್ಯಾಡ್ರಿ ಅಮ್ಮಾರ. ಪೂಜಾ ಮುಗಿಯೂತನಕ ನಾ ಹಿಡೀತೀನಿ."

ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿ ಬಾಗಿಲಿಗೊರಗಿ ನಿಂತಿದ್ದ ನನ್ನ ಮಗಳು ಮೊಬೈಲ್ ಕೆಳಗಿಟ್ಟಳು. ಮರುದಿನದಿಂದ ನರ್ಸ್ ಹಿಂದೆಯೇ. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸುವುದು, ಬೆನ್ನು ಕೆಂಪಾಗಿದೆಯಾ ನೋಡುವುದು, ಬೆಡ್‌ಪ್ಯಾನ್ ಇಡುವುದು. ರಜೆಯ ಹುಮ್ಮಸ್ಸು ಅಂದುಕೊಂಡೆ.

ಸಿಇಟಿ ಆಪ್ಷನ್ ತುಂಬುವಾಗ, "ಬಿಎಸ್ಸಿ ನರ್ಸಿಂಗ್ ಮೊದಲು ಹಾಕ್ತೀನಿ ಅಮ್ಮ" ಅಂದಳು. ಮಂಚದಿಂದ ಅತ್ತೆಯ ದನಿ ಬಂತು.

"ಕಂಡೋರ ಹೇಲುಚ್ಚೆ ಬಾಚೋಕಾ ಇಷ್ಟು ಓದಿಸಿದ್ದು?"

"ನಿಮ್ದು ಬಾಚಿದಾಗ ಸುಮ್ನಿದ್ರಲ್ಲ ಅಜ್ಜಿ."

"ನಾನು ಕಂಡೋಳೇನೇ?"

"ಆ ಅಕ್ಕಂಗೆ ನೀವು ಕಂಡೋರೇ ಅಲ್ವಾ?"

ಅತ್ತೆ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಮಗಳು ಲ್ಯಾಪ್‌ಟಾಪ್ ಮುಚ್ಚಿ, ರೂಮಿಗೆ ಹೋಗಿ ಅತ್ತಳು.

ಮರುದಿನ ನರ್ಸಿಗೆ ರಜೆ. ಮಗಳೇ ಕೂತು, ಅಂಗೈ ಉಜ್ಜಿಕೊಂಡು ಅಜ್ಜಿಯ ಕೈ ಕೆಳಗೆ ಹಿಡಿದಳು. ಅತ್ತೆ ಅವತ್ತು ಎಂದಿಗಿಂತ ನಿಧಾನವಾಗಿ ಪೂಜೆ ಮಾಡಿದರು. ಮಗಳ ತೋಳು ಸೋತಿದ್ದು ನನಗೆ ಕಾಣುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಕೊನೆಗೆ ಲಿಂಗವನ್ನು ಕೊರಳಿನ ಕರಡಿಗೆಯೊಳಗಿಟ್ಟು, ಅತ್ತೆ ನನ್ನ ಕಡೆ ತಿರುಗಿದರು.

"ಅದೇನೋ ತುಂಬಬೇಕಂತಲ್ಲ, ತುಂಬಿಸು. ಮೊದಲು ಆ ಉಗುರು ತೆಗೆಯೋಕೆ ಹೇಳು. ಚುಚ್ಚುತ್ತೆ."

ವರ್ಷವಿಡೀ ಬೆಳೆಸಿ, ತಿಳಿನೇರಳೆ ಬಣ್ಣ ಹಚ್ಚಿದ್ದ ಉಗುರು. ಅಜ್ಜಿಯ ಮಂಚದ ಪಕ್ಕ ಪೇಪರ್ ಹಾಸಿಕೊಂಡು, ಹತ್ತನ್ನೂ ಅಲ್ಲೇ ಕತ್ತರಿಸಿದಳು.