ಹೊಟ್ಟೆಯೊಳಗಿನ ಪಾಲು

ನಾನು ಮತ್ತು ನನ್ನ ಅಣ್ಣ ಅವಳಿಗಳು. ಮೊದಲು ಬಂದವನು ಅವನು. ಅಂಗೈಯಗಲ ಇದ್ದನಂತೆ, ಅಳುವುದಕ್ಕೂ ತ್ರಾಣವಿರಲಿಲ್ಲವಂತೆ. ಅವನ ಬೆನ್ನಿಗೇ ನಾನು ಗುಂಡುಗುಂಡಾಗಿ, ಓಣಿಗೆಲ್ಲ ಕೇಳುವಂತೆ ಕಿರುಚುತ್ತ ಬಂದೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ನಾನು ಹೊಟ್ಟೆಯೊಳಗೇ ಅಣ್ಣನ ಪಾಲು ತಿಂದು ಬಂದವಳೆಂದು ಅವಳು ಆವತ್ತೇ ಹೇಳಿಬಿಟ್ಟಳು.

ಶಹಾಬಾದಿನ ನಮ್ಮ ಮನೆಯಲ್ಲಿ ಆ ಮಾತಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಎಮ್ಮೆಯ ಹಾಲು ಅಣ್ಣನಿಗೆ, ಬೆಣ್ಣೆ ಅಣ್ಣನಿಗೆ. ನಾನು ಇನ್ನೊಂದು ರೊಟ್ಟಿಗೆ ಕೈ ಚಾಚಿದರೆ ಆಯಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

“ಸಾಕ್ ಬಿಡು. ಹುಟ್ಟೂಕಿಂತ ಮದ್ಲೇ ತಿಂದೀದಿ. ಇನ್ನಾ ತುಂಬಿಲ್ಲೇನ ನಿನ್ನ ಹೊಟ್ಟಿ?”

ಅಣ್ಣ ಬೆಳೆದರೂ ಸಣಕಲಾಗಿಯೇ ಉಳಿದ. ಚಳಿಗಾಲ ಬಂತೆಂದರೆ ಅವನ ಎದೆ ಸಿಳ್ಳೆ ಹೊಡೆಯುತ್ತಿತ್ತು, ಆಯಿ ನನ್ನತ್ತ ದುರುಗುಟ್ಟಿ ನೋಡುತ್ತಿದ್ದಳು. ನಾನು ಶಾಲೆಯಲ್ಲಿ ಅವನಿಗಿಂತ ಗೇಣುದ್ದ ಎತ್ತರವಾದದ್ದೂ ತಪ್ಪಾಯಿತು. ಅವನೂ ಆ ಮಾತನ್ನು ಬೇಗ ಕಲಿತ. ಗೋಲಿಯಾಟದಲ್ಲಿ ಸೋತರೂ, ಮಾಸ್ತರರಿಂದ ಬೈಸಿಕೊಂಡರೂ, “ನನ್ನ ಶಕ್ತಿ ಎಲ್ಲಾ ಇಕೀನೇ ತಿಂದಾಳ” ಎಂದು ನನ್ನತ್ತ ಕೈ ತೋರಿಸುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಿನ ಸಿಟ್ಟು ಅವ್ವನ ಮೇಲಿತ್ತು. ಇದೆಲ್ಲ ನಡೆಯುವಾಗ ಅವಳು ತಲೆಯೆತ್ತದೆ ರೊಟ್ಟಿ ಬಡಿಯುತ್ತಿದ್ದಳು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಿಂದ ಮೈತುಂಬ ಧೂಳು ಮೆತ್ತಿಕೊಂಡು ಬರುತ್ತಿದ್ದ ಅಪ್ಪನಿಗೆ ಉಂಡು ಮಲಗಿದರೆ ಸಾಕಾಗುತ್ತಿತ್ತು.

ಸೇಡಂಗೆ ಮದುವೆಯಾಗಿ ಹೋದಾಗ ಬಿಡುಗಡೆಯಾಯಿತೆಂದುಕೊಂಡೆ. ಗಂಡ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಮಾತು ಕಡಿಮೆ, ಕೆಟ್ಟವರಲ್ಲ. ಬಸುರಾದಾಗ ನನ್ನ ಹೊಟ್ಟೆ ತಿಂಗಳಿಗೆ ಮೀರಿ ಬೆಳೆಯತೊಡಗಿತು. ಅವರು ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಧಾರವಾಡದ ಕಡೆಯ ಡಾಕ್ಟರಮ್ಮ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ನೋಡಿ, ಕೊಳವೆಯಿಟ್ಟು ಒಂದು ಕಡೆ ಎದೆಬಡಿತ ಕೇಳಿದರು, ಮತ್ತೊಂದು ಕಡೆಯೂ ಕೇಳಿದರು.

“ಎರಡು ಅದಾವವ್ವ. ನಿನ್ನ ತವರಿನ್ಯಾಗ ಯಾರರ ಅವಳಿ ಅದಾರೇನು?”

“ನಾನೇ ಅದೀನ್ರಿ. ನಾ, ನಮ್ಮಣ್ಣ.”

ಹೇಳಿ ಮುಗಿಸುವಷ್ಟರಲ್ಲಿ ಈ ಎರಡರಲ್ಲಿ ಯಾವುದು ಯಾವುದರ ಪಾಲು ತಿನ್ನುತ್ತಿದೆಯೋ ಎಂಬ ಹೆದರಿಕೆ ನನ್ನೊಳಗೂ ಬಂದು ಕೂತಿತ್ತು. ಅದನ್ನು ಕೇಳಿಯೇಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು.

ಹೆಣ್ಣಿನ ಮೈಯಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಹೊರಬರುತ್ತದೆ. ಕೆಲವರಲ್ಲಿ ಕೆಲವೊಮ್ಮೆ ಎರಡು ಬರುತ್ತವೆ, ಆ ಗುಣ ತಾಯಿಯ ಕಡೆಯಿಂದ ಮಗಳಿಗೆ ಬರುವುದುಂಟು. ಎರಡಕ್ಕೂ ಗಂಡಿನ ಬೇರೆ ಬೇರೆ ಬೀಜ ಸೇರಿದರೆ ಎರಡು ಪಿಂಡಗಳಾಗುತ್ತವೆ. ಗರ್ಭಚೀಲಕ್ಕೆ ಬಂದು ಒಂದೊಂದೂ ತನ್ನ ಜಾಗ ಹಿಡಿದು ಅಂಟಿಕೊಳ್ಳುತ್ತದೆ. ಒಂದೊಂದಕ್ಕೂ ತನ್ನದೇ ನೀರಿನ ಚೀಲ, ತನ್ನದೇ ಹೊಕ್ಕುಳಬಳ್ಳಿ, ತಾಯಿಯಿಂದ ಆಹಾರ ಎಳೆದು ಕೊಡುವ ತನ್ನದೇ ಮಾಸು. ಒಂದೇ ಅಂಡ ಒಡೆದು ಎರಡಾದ, ಒಂದೇ ಮುಖದ ಅವಳಿಗಳ ಮಾತು ಬೇರೆ.

“ನೀವು ಗಂಡೊಂದು, ಹೆಣ್ಣೊಂದು. ಅಂದ್ರ ಎರಡು ಅಂಡದವರ. ಒಂದಾ ಹೊತ್ತಿಗೆ ಹುಟ್ಟಿದ ಅಣ್ಣ-ತಂಗಿ, ಅಷ್ಟ. ಅವನ ಮಾಸಿಗೆ ಛಲೋ ಜಾಗಾ ಸಿಕ್ಕಿರಲಿಕ್ಕಿಲ್ಲ, ಸಣ್ಣಂವ ಆದ. ನೀ ಅವಂದು ಹೆಂಗ ತಿಂತಿದ್ದಿ? ನಿನ್ನ ಬಳ್ಳಿ ಅವನ ಮಾಸಿಗೆ ಹತ್ತಿರಲೇ ಇಲ್ಲ.”

ಮನೆಗೆ ಬಂದರೂ ನನ್ನ ಮೈ ಉರಿಯುತ್ತಲೇ ಇತ್ತು. ಮರುವಾರ, ಬೇಡವೆಂದ ಗಂಡನ ಮಾತು ಕೇಳದೆ, ರೈಲು ಹತ್ತಿ ವಾಡಿಯಲ್ಲಿಳಿದು ಇನ್ನೊಂದು ರೈಲು ಹಿಡಿದು ಶಹಾಬಾದಿಗೆ ಹೋದೆ. ಆಯಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ನನ್ನ ಹೊಟ್ಟೆ ನೋಡಿ, ಕ್ಷೇಮ ಸಮಾಚಾರವನ್ನೂ ಕೇಳದೆ, “ಅವಳಿ-ಜವಳಿ ಕಾಣ್ತದ. ಇದ್ರಾಗ ಯಾವ್ದು ಯಾವ್ದನ್ನ ತಿನ್ಲಿಕತ್ತದೋ” ಎಂದಳು.

ಚಪ್ಪಲಿ ಬಿಡುವುದನ್ನೂ ಮರೆತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಆಯಿ ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಡಾಕ್ಟರ್ ನಿಮ್ಮವ್ವನ ಹೊಟ್ಯಾಗ ಇಣಿಕಿ ನೋಡ್ಯಾಳೇನ? ನಾ ನೋಡೀನಿ, ನೀವು ಹುಟ್ಟಿದ್ದು.”

ಆಗ ಒಳಗಿನಿಂದ ಅವ್ವ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

“ನೋಡೀರಿ ಅತ್ತಿ. ಎರಡು ಮಾಸು ಬಿದ್ದಿದ್ವು. ಸೂಲಗಿತ್ತಿ ತೋರಿಸ್ದಾಗ ಗಂಡಂದು ಬ್ಯಾರೆ, ಹೆಣ್ಣಂದು ಬ್ಯಾರೆ ಹುಗೀರಿ ಅಂತ ನೀವೇ ಅಂದ್ರಿ. ಹಿತ್ತಲದಾಗ ಎರಡು ಕುಣಿ ನೀವೇ ತೋಡಿದ್ರಿ.”

ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಯಿಯ ಕೈ ನಿಂತಿತು. ಸುಳ್ಳೆಂದು ಹೇಳಲಿಲ್ಲ. “ಆಗಿದ್ರ ಏನಾತೀಗ?” ಎಂದು ಮತ್ತೆ ಕೇರತೊಡಗಿದಳು. ನಾನು ನೀರೂ ಕುಡಿಯದೆ ಸ್ಟೇಷನ್ನಿಗೆ ಹೊರಟೆ. ಅವ್ವ ಓಣಿಯ ತಿರುವಿನವರೆಗೆ ಹಿಂದೆ ಬಂದಳು. “ಇಷ್ಟು ದಿನ ಯಾಕ ಹೇಳ್ಲಿಲ್ಲ?” ಎಂದು ಅವಳ ಮೇಲೆ ಹರಿಹಾಯ್ದೆ. “ಅಂಜಿದ್ದೆ” ಎಂದಳು. ಆ ಉತ್ತರದಿಂದ ನನ್ನ ಸಿಟ್ಟು ಇಳಿಯಲಿಲ್ಲ.

ಹೆರಿಗೆಗೆ ತವರಿಗೆ ಹೋಗುವುದಿಲ್ಲವೆಂದು ಹಟ ಹಿಡಿದೆ. ಸೇಡಂನಲ್ಲೇ ಹೆತ್ತೆ. ಇಬ್ಬರೂ ಹೆಣ್ಣು, ಒಬ್ಬಳು ನಸುಗೆಂಪು, ಒಬ್ಬಳು ಎಣ್ಣೆಗಪ್ಪು. ಬಾಣಂತನಕ್ಕೆ ಅವ್ವ ತಾನೇ ಗಂಟು ಕಟ್ಟಿಕೊಂಡು ಬಂದಳು. ಆಯಿಯ ಮಾತು ಮೀರಿ ಬಂದಿದ್ದಳು.

ತೊಟ್ಟಿಲು ಹಾಕುವ ದಿನ ಅಣ್ಣ ಆಯಿಯನ್ನು ಕರೆತಂದ. ಅವಳು ಮಕ್ಕಳನ್ನು ಎತ್ತಿಕೊಳ್ಳಲು ಸೆರಗು ಹರವಿ ಕೂತಳು. ನಾನು ಮಕ್ಕಳನ್ನು ಕೊಡಲಿಲ್ಲ. ಬಂದವರೆಲ್ಲ ನೋಡುತ್ತಿದ್ದರು.

“ಒಮ್ಮಿ ಉಡ್ಯಾಗ ಹಾಕ. ವಯಸ್ಸಾದಾಕಿ,” ಎಂದ ಅಣ್ಣ.

“ಹಾಕಂಗಿಲ್ಲ. ಮದ್ಲ ನಂದು ತಪ್ಪಿಲ್ಲಂತ ನೀನರ ಒಂದ್ ಮಾತ ಅನ್ನು.”

ಅವನು ಗೋಡೆ ನೋಡಿದ. ಆಯಿ ಸೆರಗು ಮಡಚಿ ಎದ್ದಳು. ಸಂಜೆಯ ಗಾಡಿಗೆ ಇಬ್ಬರೂ ಹೋದರು.

ಅವ್ವ ಶಹಾಬಾದಿಗೆ ಹಿಂದಿರುಗಿದ ಮೇಲೆ ಅದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು. ಅಪ್ಪ ಎರಡೂ ಕಡೆ ಉಣ್ಣುತ್ತಿದ್ದ. ಕೆಲವು ವರ್ಷಗಳ ನಂತರ ಆಯಿ ತೀರಿಕೊಂಡಾಗ ಹೋಗಿ ಕೂತೆ. ಅಳು ಬರಲಿಲ್ಲ. ನೆರೆಯ ಹೆಂಗಸರು ನನ್ನನ್ನು ನೋಡಿ ಪಿಸುಗುಟ್ಟಿಕೊಂಡರು. ತೋರಿಕೆಗೂ ನಾನು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ.